ಸಂಜೆ ಆರರ ಮೇಲಿನ ಓದು

ನೌಕರಿಗೆ ಸೇರಿದ ಮೇಲೆ ಮತ್ತೆ ಕಾಲೇಜಿಗೆ ಹೋಗುವುದೆಂದರೆ ಊಟ ಮುಗಿದ ಮೇಲೆ ಉಪ್ಪಿನಕಾಯಿ ಹುಡುಕಿದ ಹಾಗೆ ಎಂದು ನಮ್ಮ ಮನೆಯ ಹಿರಿಯರು ನಂಬಿದ್ದರು. ಓದುವುದು ಕೆಲಸ ಸಿಗಲೆಂದು. ಕೆಲಸ ಸಿಕ್ಕಿತಲ್ಲ, ಇನ್ನೇಕೆ ಓದು? ಇದರಲ್ಲಿ ತಪ್ಪೇನೂ ಇಲ್ಲ. ಅರಸೀಕೆರೆ ಕಡೆಯ ಹಳ್ಳಿಯಿಂದ ಬಂದು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ನುಸುಳಿಕೊಂಡವನಿಗೆ ಪೀಣ್ಯದ ಪಂಪು ತಯಾರಿಸುವ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ಒಂದು ಕುರ್ಚಿ ಸಿಕ್ಕಿದ್ದೇ ದೊಡ್ಡದು. ಆದರೂ 2014ರ ಆಗಸ್ಟಿನಲ್ಲಿ, ಮದುವೆಯಾಗಿ ಒಂದು ವರ್ಷ ತುಂಬುವ ಮೊದಲೇ, ನಾನು ಎಂ.ಟೆಕ್. ಪಾರ್ಟ್ ಟೈಮ್ ಸೀಟು ತೆಗೆದುಕೊಂಡೆ. ವಿಷಯ ಮಷೀನ್ ಡಿಸೈನ್.

ಬೆಂಗಳೂರಿಗೆ ಸಂಜೆಯ ಓದು ಹೊಸದಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹೀಗೆ ಸಾಲಾಗಿ ಸರ್ಕಾರಿ ಕಾರ್ಖಾನೆಗಳು ತಲೆಯೆತ್ತಿದ ಊರಿದು. ಹಗಲು ಲೇಥಿನ ಮುಂದೆ ನಿಂತು ಸಂಜೆ ಬೆಂಚಿನ ಮೇಲೆ ಕೂತವರ ತಲೆಮಾರುಗಳೇ ಇಲ್ಲಿವೆ. ಕಾಲೇಜಿನ ಸಂಜೆಯ ಹೊತ್ತು ನೋಡಿದರೆ ಗುರುತು ಹಿಡಿಯಬಹುದು. ಹಗಲಿನ ಹುಡುಗ ಹುಡುಗಿಯರು ನಗುತ್ತಾ ಗೇಟಿನಿಂದ ಹೊರಗೆ ಬರುತ್ತಿರುತ್ತಾರೆ. ಎಣ್ಣೆಯ ಕಲೆಯ ಪ್ಯಾಂಟಿನವರು, ಊಟದ ಡಬ್ಬಿಯ ಬ್ಯಾಗಿನವರು, ತಲೆ ನರೆಯಲು ಶುರುವಾದವರು ಒಳಗೆ ಹೋಗುತ್ತಿರುತ್ತಾರೆ. ವಾಚ್‌ಮನ್ ಹಗಲಿನವರ ಐಡಿ ಕಾರ್ಡು ಕೇಳುತ್ತಾನೆ, ನಮ್ಮದನ್ನು ಕೇಳುವುದಿಲ್ಲ. ಈ ವಯಸ್ಸಿನಲ್ಲಿ ಸುಮ್ಮನೆ ಯಾರು ಬರುತ್ತಾರೆ ಎಂದು ಅವನಿಗೆ ಗೊತ್ತು.

ಲೆಕ್ಕ ಸರಳ. ಹಗಲು ಓದುವವರಿಗೆ ಎಂ.ಟೆಕ್. ಎರಡು ವರ್ಷ, ನಾಲ್ಕು ಸೆಮಿಸ್ಟರ್. ನಮಗೆ ಮೂರು ವರ್ಷ, ಆರು ಸೆಮಿಸ್ಟರ್. ಗೇಟ್ ಪರೀಕ್ಷೆ ಪಾಸಾಗಿ ಪೂರ್ಣಾವಧಿ ಓದುವವರಿಗೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿತ್ತು. ಅದು ನಮಗಿಲ್ಲ, ನಮ್ಮ ವಿದ್ಯಾರ್ಥಿವೇತನ ನಮ್ಮ ಸಂಬಳವೇ. ಸೇರುವಾಗ ಕೆಲಸ ಕೊಟ್ಟವರ ಎನ್‌ಒಸಿ ಬೇಕು, ಅನುಭವದ ಪತ್ರ ಬೇಕು. ಎನ್‌ಒಸಿ ಕೊಡುವಾಗ ನಮ್ಮ ಎಚ್‌ಆರ್‌ನವರು, "ಕೆಲಸಕ್ಕೆ ತೊಂದರೆಯಾಗಬಾರದು ನೋಡ್ರೀ" ಎಂದು ಮೂರು ಸಲ ಹೇಳಿದ್ದರು. ಓದಿಗೆ ತೊಂದರೆಯಾದರೆ ಏನು ಮಾಡಬೇಕೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಜನರಲ್ ಶಿಫ್ಟು ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮುಕ್ಕಾಲು ಐದಕ್ಕೆ ಮುಗಿಯುತ್ತಿತ್ತು. ಪೀಣ್ಯದಿಂದ ಸಂಪಿಗೆ ರಸ್ತೆಯವರೆಗಿನ ಮೆಟ್ರೊ ಅದೇ ವರ್ಷದ ಮಾರ್ಚ್‌ನಲ್ಲಿ ಶುರುವಾಗಿತ್ತು. ಅದು ಇಲ್ಲದಿದ್ದರೆ ಗೊರಗುಂಟೆಪಾಳ್ಯದ ಸಿಗ್ನಲ್ ದಾಟಿ ಆರು ಗಂಟೆಯ ಕ್ಲಾಸಿಗೆ ಮುಟ್ಟುವುದು ಕನಸಿನ ಮಾತಾಗಿತ್ತು. ಮೆಟ್ರೊ ಇಳಿದು ಬಸ್ಸು ಹಿಡಿಯುವ ನಡುವೆ ಎರಡು ಬಾಳೆಹಣ್ಣು, ಒಂದು ಟೀ. ಆರರಿಂದ ಒಂಬತ್ತರವರೆಗೆ ಕ್ಲಾಸು. ಬಾಗಲಗುಂಟೆಯ ಮನೆ ಸೇರುವಾಗ ಹತ್ತೂಕಾಲು. 2015ರ ಮೇ ತಿಂಗಳಲ್ಲಿ ಮೆಟ್ರೊ ನಾಗಸಂದ್ರದವರೆಗೆ ಬಂದ ಮೇಲೆ ಅದು ಹತ್ತಕ್ಕೆ ಇಳಿಯಿತು. ಆ ಹದಿನೈದು ನಿಮಿಷದ ಬೆಲೆ ನಮ್ಮಂಥವರಿಗೇ ಗೊತ್ತು.

ಮೊದಲ ವಾರ ಹದಿನೇಳು ಜನರಿದ್ದೆವು. ತುಮಕೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದ ಪಾಲಿಟೆಕ್ನಿಕ್ ಮೇಷ್ಟ್ರೊಬ್ಬರು ನಮ್ಮೆಲ್ಲರಿಗಿಂತ ಹಿರಿಯರು. ಬಡ್ತಿಗೆ ಎಂ.ಟೆಕ್. ಬೇಕೆಂದು ನಲವತ್ತೇಳರಲ್ಲಿ ಸೇರಿದ್ದರು. ಮಗುವನ್ನು ತಾಯಿಯ ಮನೆಯಲ್ಲಿ ಬಿಟ್ಟು ಬರುತ್ತಿದ್ದ ಸರ್ಕಾರಿ ಇಲಾಖೆಯ ಎಂಜಿನಿಯರ್ ಅಕ್ಕ ಒಬ್ಬರು. ಮೆಟ್ರೊ ಸುರಂಗದ ಗುತ್ತಿಗೆದಾರರ ಬಳಿ ಕೆಲಸಕ್ಕಿದ್ದ ಹುಡುಗನೊಬ್ಬ. ಅವನ ಬೂಟಿಗೆ ಯಾವಾಗಲೂ ಬೆಂಗಳೂರಿನ ಹೊಟ್ಟೆಯೊಳಗಿನ ಮಣ್ಣು ಅಂಟಿರುತ್ತಿತ್ತು. ಮೂರನೇ ಸೆಮಿಸ್ಟರ್ ಹೊತ್ತಿಗೆ ಒಂಬತ್ತು ಜನ ಉಳಿದೆವು. ಬಿಟ್ಟವರಲ್ಲಿ ಯಾರೂ ದಡ್ಡರಿರಲಿಲ್ಲ. ಒಬ್ಬರಿಗೆ ಪುಣೆಗೆ ವರ್ಗವಾಯಿತು, ಒಬ್ಬರಿಗೆ ಅವಳಿ ಮಕ್ಕಳಾದವು, ಒಬ್ಬರ ತಂದೆಗೆ ಡಯಾಲಿಸಿಸ್ ಶುರುವಾಯಿತು. ಸಂಜೆ ಕಾಲೇಜಿನಲ್ಲಿ ಫೇಲಾಗುವವರು ಕಡಿಮೆ, ನಿಂತುಹೋಗುವವರೇ ಹೆಚ್ಚು.

ಓದಿದ ವಿಷಯಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲೋಹದ ದಣಿವು. ಇಂಗ್ಲಿಷಿನ ಫೆಟೀಗ್. ಒಂದು ಕಬ್ಬಿಣದ ಸರಳನ್ನು ಒಂದೇ ಏಟಿಗೆ ಮುರಿಯಬೇಕಾದರೆ ಭಾರಿ ಬಲ ಬೇಕು. ಆದರೆ ಅದರ ಅರ್ಧದಷ್ಟು, ಕೆಲವು ಸಲ ಅದಕ್ಕಿಂತಲೂ ಕಡಿಮೆ ಬಲವನ್ನು ಲಕ್ಷಾಂತರ ಸಲ ಕೊಟ್ಟು ತೆಗೆದರೆ ಅದು ತಾನಾಗಿ ಮುರಿಯುತ್ತದೆ. ಮುರಿಯುವ ಮುನ್ನ ಬಾಗುವುದಿಲ್ಲ, ಉಬ್ಬುವುದಿಲ್ಲ, ಸದ್ದು ಮಾಡುವುದಿಲ್ಲ. ಒಳಗೆ ಕೂದಲೆಳೆಯಂಥ ಬಿರುಕೊಂದು ಹುಟ್ಟಿ, ದಿನಕ್ಕಿಷ್ಟು ಎಂದು ಬೆಳೆದು, ಉಳಿದ ಲೋಹಕ್ಕೆ ಭಾರ ತಾಳಲಾಗದ ದಿನ ಸರಕ್ಕನೆ ಕೈಬಿಡುತ್ತದೆ.

1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಹೀಗೇ ಮುರಿಯಿತು. ಬೋಗಿಗಳ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದ್ದರು. ಬೆಂಕಿಯಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಚ್ಚು ಯಾಕೆ ಮುರಿಯಿತು? ಓಡಿ ಓಡಿ ಕಬ್ಬಿಣದ ಗುಣವೇ ಬದಲಾಗಿ ಹರಳುಗಟ್ಟುತ್ತದೆ ಎಂದು ಆಗಿನವರು ನಂಬಿದ್ದರು. ಮರುವರ್ಷ ಸ್ಕಾಟ್ಲೆಂಡಿನ ರ್‍ಯಾಂಕಿನ್ ಎಂಬ ತರುಣ ಎಂಜಿನಿಯರ್, ಅಚ್ಚಿನ ದಪ್ಪ ತಟ್ಟನೆ ಬದಲಾಗುವ ಮೂಲೆಯಲ್ಲೇ ಬಿರುಕು ಹುಟ್ಟುತ್ತದೆ, ಆ ಮೂಲೆಯನ್ನು ದುಂಡಗೆ ಮಾಡಬೇಕು ಎಂದು ಬರೆದ. ಆಮೇಲೆ ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೂಲರ್ 1850ರ ದಶಕದಿಂದ 1870ರವರೆಗೆ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಮುರಿದು, ಎಷ್ಟು ಭಾರಕ್ಕೆ ಎಷ್ಟು ಸುತ್ತು ಬಾಳುತ್ತದೆ ಎಂದು ಪಟ್ಟಿ ಮಾಡಿದ. ಇಂದಿಗೂ ನಾವು ಬಿಡಿಸುವ ವಕ್ರರೇಖೆ ಅವನದೇ. ಉಕ್ಕಿಗೆ ಒಂದು ಮಿತಿಯಿದೆ, ಆ ಮಿತಿಯ ಕೆಳಗಿನ ಭಾರವನ್ನು ಅದು ಬಹುಮಟ್ಟಿಗೆ ಎಷ್ಟು ಕಾಲ ಬೇಕಾದರೂ ತಾಳಿಕೊಳ್ಳುತ್ತದೆ ಎಂಬುದು ಅದರ ಸಾರ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ. ಎಷ್ಟೇ ಹಗುರ ಭಾರವಾದರೂ ಎಂದಾದರೊಂದು ದಿನ ಅದಕ್ಕೆ ಸುಸ್ತಾಗುತ್ತದೆ.

ರಾತ್ರಿ ಒಂಬತ್ತರ ಸಮೀಪ ಇದನ್ನು ಪಾಠ ಮಾಡುತ್ತಿದ್ದ ಮೇಷ್ಟ್ರು ಬೋರ್ಡಿನಿಂದ ತಿರುಗಿ ನಮ್ಮ ಒಂಬತ್ತು ಮುಖಗಳನ್ನು ನೋಡಿದರು. ಇಬ್ಬರು ತೂಕಡಿಸುತ್ತಿದ್ದರು. "ನಿಮಗೆ ಇದಕ್ಕೆ ಉದಾಹರಣೆ ಕೊಡಬೇಕಾಗಿಲ್ಲ" ಎಂದು ನಕ್ಕರು. ಎಲ್ಲರೂ ನಕ್ಕೆವು. ತುಮಕೂರಿನ ಮೇಷ್ಟ್ರು ಮಾತ್ರ, "ನಾವು ಉಕ್ಕೋ ಅಲ್ಯೂಮಿನಿಯಮ್ಮೋ ಅನ್ನೋದು ವೈವಾ ದಿನ ಗೊತ್ತಾಗುತ್ತೆ ಸಾರ್" ಎಂದರು.

ಪುಸ್ತಕದ ಮಾತು ಪುಸ್ತಕದಲ್ಲೇ ಉಳಿದಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ.

2016ರಲ್ಲಿ ನಮ್ಮ ಕಾರ್ಖಾನೆಯ ಪಂಪೊಂದರ ಶಾಫ್ಟು ಉತ್ತರ ಕರ್ನಾಟಕದ ಸಕ್ಕರೆ ಕಾರ್ಖಾನೆಯೊಂದರಲ್ಲಿ ಮುರಿಯಿತು. ಎಂಟು ತಿಂಗಳಲ್ಲಿ ಅದು ಮೂರನೆಯದು. ಕಬ್ಬು ಅರೆಯುವ ಕಾಲದಲ್ಲಿ ಪಂಪು ನಿಂತರೆ ಗ್ರಾಹಕರು ಸುಮ್ಮನಿರುತ್ತಾರೆಯೇ? ದಂಡ ಕೇಳಿದರು. ನಮ್ಮವರು ಆ ದಂಡವನ್ನು ಶಾಫ್ಟು ಮಾಡಿಕೊಟ್ಟವರ ಮೇಲೆ ಹಾಕಲು ಹೊರಟರು. ಮಾಡಿಕೊಟ್ಟವರು ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನ ಯಜಮಾನರು. ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ದು, ವಿಆರ್‌ಎಸ್ ತೆಗೆದುಕೊಂಡು, ಬಂದ ದುಡ್ಡಿನಲ್ಲಿ ಎರಡು ಲೇಥು ಕೊಂಡು ಜಾಬ್ ವರ್ಕ್ ಮಾಡುತ್ತಿದ್ದವರು. ಜೊತೆಗೆ ಆರು ಜನ ಹುಡುಗರು. ಅವರ ಬಿಲ್ಲಿನಿಂದ 1,80,000 ರೂಪಾಯಿ ಕಡಿತ ಮಾಡಲು ಡೆಬಿಟ್ ನೋಟ್ ತಯಾರಾಗಿತ್ತು. ಎರಡು ಲೇಥಿನ ಶೆಡ್ಡಿಗೆ ಅದೆಷ್ಟು ದೊಡ್ಡ ಮೊತ್ತವೆಂದು ಪೀಣ್ಯದ ಬೀದಿಗಳಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಕಡಿತಕ್ಕೆ ಒಂದು ತಾಂತ್ರಿಕ ವರದಿ ಬೇಕಿತ್ತು. ಮ್ಯಾನೇಜರ್ ನನ್ನನ್ನು ಕರೆದರು. "ನೀವು ಇದನ್ನೇ ಓದ್ತಾ ಇದೀರಲ್ಲ. ಮೆಟೀರಿಯಲ್ ಡಿಫೆಕ್ಟ್ ಅಂತ ಒಂದು ರಿಪೋರ್ಟ್ ಬರೀರಿ."

ಮುರಿದ ಮೂರು ತುಂಡುಗಳನ್ನೂ ಮೇಜಿನ ಮೇಲಿಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡಿದೆ. ದಣಿದು ಮುರಿದ ಲೋಹ ತನ್ನ ಕಥೆಯನ್ನು ತಾನೇ ಬರೆದಿಟ್ಟಿರುತ್ತದೆ. ಬಿರುಕು ಬೆಳೆದ ಭಾಗ ನಯವಾಗಿರುತ್ತದೆ. ಅದರ ಮೇಲೆ, ಕೆರೆಯ ನೀರು ಇಳಿಯುತ್ತಾ ಹೋದಾಗ ದಂಡೆಯಲ್ಲಿ ಉಳಿಯುವಂಥ ಗೆರೆಗಳಿರುತ್ತವೆ. ಕೊನೆಗೆ ಒಮ್ಮೆಲೇ ಮುರಿದ ಭಾಗ ಒರಟು. ಗೆರೆಗಳ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ ಹುಟ್ಟಿದ ಜಾಗ ಸಿಗುತ್ತದೆ. ಮೂರರಲ್ಲೂ ಅದು ಒಂದೇ ಜಾಗ: 50 ಮಿಲಿಮೀಟರ್ ವ್ಯಾಸದ ಶಾಫ್ಟು 60ಕ್ಕೆ ಏರುವ ಸ್ಟೆಪ್ಪಿನ ಮೂಲೆ. ಗೋದಾಮಿನಲ್ಲಿದ್ದ ಒಂದು ಹಳೆಯ, ಇನ್ನೂ ಮುರಿಯದ ಶಾಫ್ಟಿಗೆ ಡೈ ಪೆನೆಟ್ರೆಂಟ್ ಬಳಿದೆ. ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನೊಳಗೆ ಉಳಿದ ಕೆಂಪು ಮೇಲೆ ಬರುತ್ತದೆ. ಅದೇ ಮೂಲೆಯಲ್ಲಿ ಸಣ್ಣ ಕೆಂಪು ಗೆರೆಯೊಂದು ಕಾಣಿಸಿಕೊಂಡಿತು. ಗಡಸುತನ ಪರೀಕ್ಷೆ, ರಾಸಾಯನಿಕ ಪರೀಕ್ಷೆ ಎರಡನ್ನೂ ಹೊರಗಿನ ಲ್ಯಾಬಿನಲ್ಲಿ ಮಾಡಿಸಿದೆ. ಉಕ್ಕು ಡ್ರಾಯಿಂಗಿನಲ್ಲಿ ಕೇಳಿದ್ದಂತೆಯೇ ಇತ್ತು. ಇಎನ್ 8, ಯಾವ ಕಲಬೆರಕೆಯೂ ಇಲ್ಲ.

ಆಮೇಲೆ ಡ್ರಾಯಿಂಗ್ ತೆಗೆದೆ. ನಾನು ಕೆಲಸಕ್ಕೆ ಸೇರುವುದಕ್ಕೆ ಬಹಳ ಹಿಂದಿನದು. ಚಿಕ್ಕ ಮೋಟರಿಗೆಂದು ಬಿಡಿಸಿದ್ದ ಶಾಫ್ಟನ್ನು ಮುಂದೆ ಯಾರೋ ದೊಡ್ಡ ಮೋಟರಿಗೂ ಹಾಗೇ ಬಳಸಿಕೊಂಡಿದ್ದರು. ಮೂಲೆಯ ರೇಡಿಯಸ್ ಅರ್ಧ ಮಿಲಿಮೀಟರ್. ಲೆಕ್ಕ ಹಾಕಿದರೆ ಆ ಮೂಲೆಯಲ್ಲಿ ಒತ್ತಡ ಸುಮಾರು 2.6 ಪಟ್ಟಾಗುತ್ತಿತ್ತು. 3 ಮಿಲಿಮೀಟರ್ ರೇಡಿಯಸ್ ಕೊಟ್ಟಿದ್ದರೆ 1.8 ಪಟ್ಟು. ನಿಮಿಷಕ್ಕೆ 1,450 ಸುತ್ತು ತಿರುಗುವ ಶಾಫ್ಟು ಹನ್ನೊಂದೂವರೆ ಗಂಟೆಯಲ್ಲಿ ಹತ್ತು ಲಕ್ಷ ಸುತ್ತು ಮುಗಿಸುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಪಂಪು ಹಗಲು ರಾತ್ರಿ ಓಡುತ್ತದೆ. ಉಳಿದದ್ದನ್ನು ವೂಲರ್ ನೂರೈವತ್ತು ವರ್ಷದ ಹಿಂದೆಯೇ ಹೇಳಿದ್ದಾನೆ.

ವರದಿ ಬರೆಯುವ ಮೊದಲು ಒಂದು ಮಧ್ಯಾಹ್ನ ಆ ಶೆಡ್ಡಿಗೆ ಹೋದೆ. ಯಜಮಾನರು ಸ್ಟೂಲು ಎಳೆದು ಕೂರಿಸಿದರು. ಹುಡುಗನನ್ನು ಟೀ ತರಲು ಕಳಿಸಿದರು. ಮೂಲೆಯ ವಿಷಯ ಎತ್ತಿದ್ದೇ ತಡ, ಲೇಥಿನ ಮೇಲಿದ್ದ ಶಾಫ್ಟಿನ ಸ್ಟೆಪ್ಪಿಗೆ ಉಗುರು ಆನಿಸಿ ತೋರಿಸಿದರು.

"ಇಲ್ಲಿ ಚೂಪಾಗಿದ್ರೆ ಮುರಿಯುತ್ತೆ ಅಂತ ನಮಗೆ ಗೊತ್ತು ಸಾರ್. ಕಲಿಯೋವಾಗ ನಮ್ಮ ಮೇಸ್ತ್ರಿ ಮೊದಲು ಹೇಳಿಕೊಟ್ಟಿದ್ದೇ ಅದು. ಟೂಲಿನ ಮೂತಿ ದುಂಡಗೆ ಉಜ್ಜಿಕೊಂಡರೆ ಆಯ್ತು, ಎರಡು ನಿಮಿಷದ ಕೆಲಸ."

"ಮತ್ತೆ ಮಾಡಬಹುದಿತ್ತಲ್ಲ ಯಜಮಾನ್ರೇ?"

"ಡ್ರಾಯಿಂಗಲ್ಲಿ ಅರ್ಧ ಅಂತಿದೆ. ನಾನು ಮೂರು ಕೊಟ್ಟರೆ ನಿಮ್ಮ ಕ್ಯೂಸಿಯವರು ರಿಜೆಕ್ಟ್ ಮಾಡ್ತಾರೆ. ಒಂದು ಸಲ ಮಾಡಿದ್ದಾರೆ ಕೂಡ. ಆಮೇಲೆ ನಾನ್ಯಾಕೆ ಬಾಯಿ ಬಿಡ್ಲಿ?"

ನಾನು ಎರಡು ವರ್ಷ ಸಂಜೆಯ ನಿದ್ದೆ ಬಿಟ್ಟು ಕಲಿತದ್ದು ಅವರಿಗೆ ಮೂವತ್ತೈದು ವರ್ಷದ ಹಿಂದೆಯೇ ಬೆರಳ ತುದಿಯಲ್ಲಿ ಗೊತ್ತಿತ್ತು. ನನ್ನ ಬಳಿ ಇದ್ದು ಅವರ ಬಳಿ ಇಲ್ಲದ್ದು ಯಾವುದು? 2.6 ಎಂಬ ಒಂದು ಸಂಖ್ಯೆ, ಒಂದು ವಕ್ರರೇಖೆ, ಮತ್ತು ಅವೆರಡನ್ನೂ ಇಂಗ್ಲಿಷಿನಲ್ಲಿ ಬರೆದು ಕೆಳಗೆ ಸಹಿ ಹಾಕುವ ಅಧಿಕಾರ. ಪದವಿ ಎಂದರೆ ತಿಳಿವಳಿಕೆ ಎಂದುಕೊಂಡಿದ್ದೆ. ಅಂದು ಆ ಸ್ಟೂಲಿನ ಮೇಲೆ ಕೂತಾಗ ಹೊಳೆದದ್ದು ಬೇರೆ: ಪದವಿ ಎಂದರೆ ನಮ್ಮ ಮಾತನ್ನು ಕೇಳಿಸಿಕೊಳ್ಳಲೇಬೇಕಾದ ಒಂದು ಜಾಗ. ಆ ಜಾಗದಲ್ಲಿ ನಿಂತು ಗೊತ್ತಿದ್ದನ್ನು ಹೇಳದಿದ್ದರೆ ಓದಿದ್ದು ಯಾಕೆ?

ಹೇಳುವುದು ಸುಲಭವಿರಲಿಲ್ಲ. ನನ್ನ ಪ್ರಾಜೆಕ್ಟ್ ಕೆಲಸ ಅದೇ ಹೊತ್ತಿಗೆ ಶುರುವಾಗಬೇಕಿತ್ತು. ಕಂಪನಿಯ ಶಾಫ್ಟುಗಳ ಮೇಲೇ ಪ್ರಾಜೆಕ್ಟ್ ಮಾಡುತ್ತೇನೆಂದು ಕಾಲೇಜಿನಲ್ಲಿ ಒಪ್ಪಿಸಿದ್ದೆ. ಅದಕ್ಕೆ ಮ್ಯಾನೇಜರರ ಅನುಮತಿ ಪತ್ರ ಬೇಕು. ಪತ್ರದ ಕರಡು ಅವರ ಟ್ರೇಯಲ್ಲೇ ಇತ್ತು. "ರಿಪೋರ್ಟ್ ಕೊಡಿ, ಜೊತೆಗೇ ಅದಕ್ಕೂ ಸಹಿ ಮಾಡೋಣ" ಎಂದಿದ್ದರು. ಅದು ಬೆದರಿಕೆಯೋ ಸಹಜವಾಗಿ ಹೇಳಿದ್ದೋ ಇವತ್ತಿಗೂ ನನಗೆ ಖಚಿತವಿಲ್ಲ. ಆಗ ಹೆಂಡತಿಗೆ ಏಳು ತಿಂಗಳು. ಮನೆ ಬಾಡಿಗೆ, ಆಸ್ಪತ್ರೆಯ ಖರ್ಚು, ಸೆಮಿಸ್ಟರ್ ಫೀಸು ಎಲ್ಲವೂ ಒಂದೇ ಸಂಬಳದಿಂದ ಹೊರಡಬೇಕು. ಅವಳು ಪಾಠ ಮಾಡುತ್ತಿದ್ದ ಖಾಸಗಿ ಶಾಲೆ ಹೆರಿಗೆ ರಜೆಗೆ ಸಂಬಳ ಕೊಡುವ ಪೈಕಿಯದಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಎಲ್ಲ ಹೇಳಿದೆ. ಮುದ್ದೆ ಮುರಿಯುತ್ತಾ ಕೇಳಿಸಿಕೊಂಡಳು.

"ಆ ಯಜಮಾನ್ರ ಹತ್ರ ಕೆಲಸ ಮಾಡೋ ಹುಡುಗರು ಎಷ್ಟು ಜನ ಅಂದ್ರಿ?"

"ಆರು."

"ನೀವು ಸುಳ್ಳು ಬರೆದು ತಂದ ಡಿಗ್ರೀನ ಈ ಮನೇಲಿ ಎಲ್ಲಿ ನೇತುಹಾಕ್ತೀರಿ?"

ಅಷ್ಟೇ. ಸಾರು ಬಡಿಸಿದಳು.

ವರದಿಯಲ್ಲಿ ಯಾರನ್ನೂ ದೂರಲಿಲ್ಲ. ಎರಡೇ ಪುಟ. ಗಡಸುತನದ ಅಂಕಿ, ರಾಸಾಯನಿಕ ಪರೀಕ್ಷೆಯ ಅಂಕಿ, ಮೂರು ತುಂಡುಗಳ ಫೋಟೊ, ಡ್ರಾಯಿಂಗಿನ ರೇಡಿಯಸ್, ಒತ್ತಡದ ಲೆಕ್ಕ, ಕೊನೆಗೆ 3 ಮಿಲಿಮೀಟರ್ ರೇಡಿಯಸ್ ಕೊಡಬೇಕೆಂಬ ಶಿಫಾರಸು. ಶೆಡ್ಡಿನ ಯಜಮಾನರು ಈ ವಿಷಯವನ್ನು ಮೊದಲೇ ಬಲ್ಲವರಾಗಿದ್ದರು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿದೆ. ಮ್ಯಾನೇಜರ್ ಹನ್ನೊಂದು ದಿನ ಏನೂ ಹೇಳಲಿಲ್ಲ. ಕಾರಿಡಾರಿನಲ್ಲಿ ಎದುರಾದರೆ ಮೊಬೈಲು ನೋಡುತ್ತಾ ಹೋಗುತ್ತಿದ್ದರು. ಹನ್ನೆರಡನೆಯ ದಿನ ಕರೆದರು.

"ಇದನ್ನ ನಿಮ್ಮ ಕಾಲೇಜಿನವರು ಯಾರಾದ್ರೂ ನೋಡಿದ್ದಾರಾ?"

"ಇಲ್ಲ ಸಾರ್."

"ತೋರಿಸೋದು ಬೇಡ."

ಒಂದು ತಿಂಗಳೊಳಗೆ ಡ್ರಾಯಿಂಗಿನ ಹೊಸ ಆವೃತ್ತಿ ಬಂತು. ರೇಡಿಯಸ್ 3. ಯಾಕೆ ಬದಲಾಯಿತೆಂದು ಎಲ್ಲೂ ಬರೆದಿರಲಿಲ್ಲ. ಡೆಬಿಟ್ ನೋಟ್ ಅಕೌಂಟ್ಸ್ ವಿಭಾಗದಲ್ಲಿ ಸದ್ದಿಲ್ಲದೆ ರದ್ದಾಯಿತು. ನನ್ನ ಅನುಮತಿ ಪತ್ರಕ್ಕೆ ಮಾತ್ರ ಸಹಿ ಬೀಳಲಿಲ್ಲ. ಗ್ರಾಹಕರ ವಿಷಯ, ಗೋಪ್ಯತೆ ಎಂದರು. ಪ್ರಾಜೆಕ್ಟಿನ ವಿಷಯ ಬದಲಿಸಬೇಕಾಯಿತು. 2017ರಲ್ಲಿ ಮುಗಿಯಬೇಕಿದ್ದ ಪದವಿ 2018ಕ್ಕೆ ಹೋಯಿತು.

ಹೊಸ ವಿಷಯಕ್ಕೆ ಕಂಪನಿಯ ಶಾಫ್ಟು ಬೇಕಿರಲಿಲ್ಲ, ಇಎನ್ 8 ಸರಳಿನಿಂದ ಮಾಡಿದ ಪುಟ್ಟ ಮಾದರಿಗಳು ಸಾಕಿತ್ತು. ಬೇರೆ ಬೇರೆ ರೇಡಿಯಸ್ಸಿನ ಇಪ್ಪತ್ತನಾಲ್ಕು ತುಂಡು. ಮಾರ್ಕೆಟ್ಟಿನಲ್ಲಿ ಸರಳು ಕೊಂಡು ಅದೇ ಶೆಡ್ಡಿಗೆ ಹೋದೆ. ಯಜಮಾನರು ದುಡ್ಡು ಬೇಡವೆಂದರು. ಬಿಲ್ಲು ಹಾಕದಿದ್ದರೆ ಬೇರೆ ಕಡೆ ಕೊಡುತ್ತೇನೆಂದೆ. ಕೊನೆಗೆ ಅರ್ಧ ರೇಟಿಗೆ ಒಪ್ಪಂದವಾಯಿತು. ಇಂಥ ಮಾದರಿಗಳನ್ನು ಕೊನೆಯಲ್ಲಿ ಎಮರಿ ಕಾಗದದಿಂದ ಉದ್ದುದ್ದಕ್ಕೆ ಉಜ್ಜಬೇಕು. ಸುತ್ತಲೂ ಅಡ್ಡಗೀರು ಉಳಿದರೆ ಬಿರುಕಿಗೆ ಅದೇ ದಾರಿಯಾಗುತ್ತದೆ. ಇದನ್ನು ವಿವರಿಸಲು ಹೊರಟಾಗ ಅವರು ಹುಡುಗರನ್ನು ಕರೆದು, "ಕೇಳ್ರೋ ಇಲ್ಲಿ" ಎಂದು ನನ್ನ ಸುತ್ತ ನಿಲ್ಲಿಸಿದರು. ಸಂಜೆ ವಿದ್ಯಾರ್ಥಿಯೊಬ್ಬ ಮಧ್ಯಾಹ್ನ ಮೇಷ್ಟ್ರಾದದ್ದು ಹೀಗೆ. ವೂಲರನ ರೇಖೆಯನ್ನು ಸೀಮೆಸುಣ್ಣದಲ್ಲಿ ಶೆಡ್ಡಿನ ನೆಲದ ಮೇಲೆ ಬಿಡಿಸಿ ಕನ್ನಡದಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ನಾಲ್ಕು ಸೆಮಿಸ್ಟರ್ ಓದಿದ್ದು ನನಗೂ ಪೂರ್ತಿ ಅರ್ಥವಾದದ್ದು ಅಲ್ಲೇ. ದಣಿವು, ಬಿರುಕು, ತಾಳಿಕೆ ಎಂಬ ಮಾತುಗಳು ಅವರಿಗೆ ಮೈಯಿಂದಲೇ ಗೊತ್ತಿದ್ದವು, ಅನುವಾದ ಬೇಕಾಗಲಿಲ್ಲ. ಅವರಲ್ಲೊಬ್ಬ ಐಟಿಐ ಮುಗಿಸಿದ್ದ ಹುಡುಗ, "ಸಾರ್, ಸಂಜೆ ಡಿಪ್ಲೊಮಾಕ್ಕೆ ನಮ್ಮನ್ನೂ ತಗೋತಾರಾ?" ಎಂದು ಕೇಳಿದ. ಅರ್ಜಿ ಹಾಕುವ ಬಗೆಯನ್ನು ಒಂದು ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಟ್ಟೆ.

ಕಾಲೇಜಿನ ಲ್ಯಾಬಿನಲ್ಲಿದ್ದ ಯಂತ್ರ ನಿಮಿಷಕ್ಕೆ 4,200 ಸುತ್ತು ತಿರುಗುತ್ತಿತ್ತು. ಒಂದು ಮಾದರಿ ಒಂದು ಕೋಟಿ ಸುತ್ತು ತಾಳಿತೆಂದು ಹೇಳಬೇಕಾದರೆ ಅದನ್ನು ಸುಮಾರು ನಲವತ್ತು ಗಂಟೆ ಓಡಿಸಬೇಕು. ಕರೆಂಟು ಹೋದರೆ ನಿಂತ ಜಾಗದ ಅಂಕಿ ಬರೆದಿಟ್ಟು ಮತ್ತೆ ಶುರುಮಾಡಬೇಕು. ಶನಿವಾರ ಸಂಜೆ ಹಚ್ಚಿ ಸೋಮವಾರ ಸಂಜೆ ಬಂದು ನೋಡುತ್ತಿದ್ದೆ. ಭಾನುವಾರ ಅದನ್ನು ನೋಡಿಕೊಳ್ಳುತ್ತಿದ್ದವರು ಲ್ಯಾಬಿನ ಅಟೆಂಡರ್. ಅದು ಅವರ ಕೆಲಸವಾಗಿರಲಿಲ್ಲ. "ನಿಮ್ಮ ಗಾಡಿ ಇನ್ನೂ ಓಡ್ತಾ ಇದೆ ಸಾರ್" ಎಂದು ಫೋನು ಮಾಡುತ್ತಿದ್ದರು. ಮಗಳು ಆಗ ತೊಟ್ಟಿಲಲ್ಲಿ. ಫೋನು ಬಂದಾಗ ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಒಂದು ಕೈಯಲ್ಲಿ ಪೆನ್ನು. ಅವಳು ಮೊದಲ ಸಲ ಮಗುಚಿಕೊಂಡದ್ದು, ಮೊದಲ ಹಲ್ಲು ಬಂದದ್ದು ಎರಡೂ ಸಂಜೆ ಆರರಿಂದ ಒಂಬತ್ತರ ನಡುವೆ. ನಾನು ನೋಡಿದ್ದು ಮೊಬೈಲಿಗೆ ಬಂದ ಚಿತ್ರದಲ್ಲಿ.

2018ರಲ್ಲಿ ವೈವಾ ಮುಗಿಯಿತು. ತುಮಕೂರಿನ ಮೇಷ್ಟ್ರು ನನಗಿಂತ ಮೊದಲೇ ಮುಗಿಸಿದ್ದರು. ಫೋನು ಮಾಡಿ, "ಉಕ್ಕೇ ಕಣಯ್ಯಾ ನಾವು" ಎಂದರು. ಕಾರ್ಖಾನೆಯಲ್ಲಿ ಒಂದು ಇನ್‌ಕ್ರಿಮೆಂಟು ಸಿಕ್ಕಿತು. ಮೂರೂವರೆ ವರ್ಷದ ಫೀಸು ಅದರಿಂದ ತೀರುವುದಿಲ್ಲ. ಬಡ್ತಿಯ ಮಾತು ಬರಲಿಲ್ಲ, ನಾನೂ ಎತ್ತಲಿಲ್ಲ. ವರ್ಷದ ಬಳಿಕ ಬೇರೆ ಕಡೆ ಕೆಲಸ ಸಿಕ್ಕಿ ಹೊರಟಾಗ ಆ ಮ್ಯಾನೇಜರ್ ಕೈಕುಲುಕಿ, "ಆ ಮಾಡೆಲ್‌ನಲ್ಲಿ ಆಮೇಲೆ ಒಂದೂ ಶಾಫ್ಟ್ ಮುರಿದಿಲ್ಲ" ಎಂದರು. ಅವರು ಹೇಳಬಹುದಾದದ್ದು ಅಷ್ಟೇ ಎಂದು ನನಗೂ ಗೊತ್ತಿತ್ತು, ಅವರಿಗೂ.

ಈಗ ಕಿರಿಯರು ಯಾರಾದರೂ ಕೆಲಸದ ಜೊತೆ ಓದಬಹುದೇ ಎಂದು ಕೇಳಿದರೆ ಸಂಬಳದ ಲೆಕ್ಕ ಹೇಳುವುದಿಲ್ಲ, ಗಂಟೆಗಳ ಲೆಕ್ಕ ಹೇಳುತ್ತೇನೆ. ಕ್ಲಾಸುಗಳಿದ್ದ ನಾಲ್ಕು ಸೆಮಿಸ್ಟರ್, ಸೆಮಿಸ್ಟರಿಗೆ ಹದಿನಾರು ವಾರ, ವಾರಕ್ಕೆ ಐದು ಸಂಜೆ: ಒಟ್ಟು 320 ಸಂಜೆಗಳು. ಸಂಜೆಗೆ ಮೂರು ಗಂಟೆ ಕ್ಲಾಸು, ಎರಡು ಗಂಟೆ ಓಡಾಟ. 1,600 ಗಂಟೆ. ಎಂಟು ಗಂಟೆಯ ಶಿಫ್ಟಿನ ಲೆಕ್ಕದಲ್ಲಿ ಸರಿಯಾಗಿ 200 ದಿನದ ಕೆಲಸ. ಮನೆಯಲ್ಲಿ ಓದಿದ್ದು, ಪ್ರಾಜೆಕ್ಟಿಗೆ ಹೋದದ್ದು ಬೇರೆ. ಈ ಗಂಟೆಗಳು ಆಕಾಶದಿಂದ ಉದುರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ನನ್ನ ಫೈಲು ನೋಡಿಕೊಂಡ ಪಕ್ಕದ ಮೇಜಿನ ಗೆಳೆಯ ಕೆಲವನ್ನು ಕೊಟ್ಟ. ಲ್ಯಾಬಿನ ಅಟೆಂಡರ್ ತಮ್ಮ ಭಾನುವಾರಗಳನ್ನು ಕೊಟ್ಟರು. ಊರಿನಿಂದ ಬಂದು ಮೊಮ್ಮಗಳನ್ನು ನೋಡಿಕೊಂಡ ಅತ್ತೆ ಕೊಟ್ಟರು. ಹೆಚ್ಚಿನ ಪಾಲು ಕೊಟ್ಟವಳು ಹೆಂಡತಿ. ಸರ್ಟಿಫಿಕೇಟಿನ ಮೇಲೆ ಒಂದೇ ಹೆಸರಿದೆ. ಹಾಗಾಗಿ ಕೇಳುವವರಿಗೆ ನಾನು ತಿರುಗಿ ಕೇಳುವ ಪ್ರಶ್ನೆ ಇದೊಂದೇ: ನಿಮ್ಮ 1,600 ಗಂಟೆ ಯಾರ ಕೈಯಿಂದ ಬರುತ್ತದೆ, ಅವರನ್ನು ಕೇಳಿದ್ದೀರಾ?

ಮದುವೆಗೆ ಮೊದಲು ಅವಳು ಕನ್ನಡ ಎಂ.ಎ.ಗೆ ಸೇರಿ ಒಂದು ವರ್ಷ ಓದಿ ನಿಲ್ಲಿಸಿದ್ದಳು. ಮಗಳು ಶಾಲೆಗೆ ಸೇರಿದ ವರ್ಷ ಅಂಚೆ ತೆರಪಿನಲ್ಲಿ ಮತ್ತೆ ಹೆಸರು ನೋಂದಾಯಿಸಿದಳು. ಹಳಗನ್ನಡದ ಪತ್ರಿಕೆಗೆ ಓದುವಾಗ ಮನೆಯಲ್ಲಿ ಟಿ.ವಿ. ಹಾಕುವಂತಿಲ್ಲ. ಸಂಜೆ ಆರರಿಂದ ಒಂಬತ್ತು ಅಡುಗೆಮನೆ ನನ್ನದು. ಮಗಳ ಹೋಂವರ್ಕು, ಅನ್ನ, ಸಾರು, ಪಾತ್ರೆ. ಮೊದಮೊದಲು ಮುದ್ದೆ ಗಂಟಾಗುತ್ತಿತ್ತು, ಈಗ ಪರವಾಗಿಲ್ಲ ಎನ್ನುತ್ತಾಳೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನಾನು ದಿನಕ್ಕೆ ಮೂರು ಎಂದು ಬರೆದಿಡುತ್ತೇನೆ. ಹೋದ ವಾರಕ್ಕೆ 540 ಗಂಟೆಯಾಯಿತು. ಇನ್ನೂ 1,060 ಬಾಕಿ ಇದೆ.